ಬಂಡೆ ಸಂದಿಯ ಸೌಟಿನ ಸದ್ದು

ಇದು ನಡೆದದ್ದೇ. ನಂಬದವರು ನಮ್ಮ ಬಡಾವಣೆಯ ಸೆಕ್ರೆಟರಿ ಗಂಗಾಧರ ಅಂಕಲ್ ಅವರನ್ನು ಕೇಳಬಹುದು. ನನಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ನನ್ನ ಪರವಾಗಿ ಸುಳ್ಳು ಹೇಳುವ ಮನುಷ್ಯ ಅಲ್ಲ.

ನಾನು ಜಯನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ಮನೆ ತಲಘಟ್ಟಪುರದಿಂದಾಚೆ, ಕೊನೆಯ ರಸ್ತೆಯ ಕೊನೆಯ ಮನೆ. ಆಮೇಲೆ ಲಂಟಾನ ಪೊದೆ, ಬಂಡೆಗುಡ್ಡ, ಕಾಡು. ನವಿಲು, ಕಾಡುಹಂದಿ ದಿನಾ ಕಾಣುತ್ತವೆ. ಚಿರತೆ ಇದೆ ಎಂದು ಎಲ್ಲರೂ ಹೇಳುತ್ತಿದ್ದರು, ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಕೆಲಸದಿಂದ ಬಂದ ಮೇಲೆ ಬೀದಿನಾಯಿಗಳಿಗೆ ಅನ್ನ ಹಾಕುವುದು ನನ್ನ ರೂಢಿ. ಗೇಟಿನ ಹತ್ತಿರ ನಿಂತು ಡಬರಿಯ ಅಂಚಿಗೆ ಸೌಟಿನಿಂದ ಬಡಿಯುತ್ತಿದ್ದೆ. ಟಣ್ ಟಣ್... ಸ್ವಲ್ಪ ಬಿಟ್ಟು ಇನ್ನೊಂದು ಟಣ್. ಆರೂ ನಾಯಿಗಳು ಓಡಿ ಬರುತ್ತಿದ್ದವು. ಅವುಗಳಲ್ಲಿ ಕೆಂಪಿ ಎಂದರೆ ನನಗೆ ಪ್ರಾಣ. ಅವಳು ನನ್ನೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಬಾಲ ಅಲ್ಲಾಡಿಸಿದವಳಲ್ಲ.

ಹೋದ ವರ್ಷ ಚಳಿ ಶುರುವಾದಾಗ ನಾಯಿಗಳು ಒಂದೊಂದಾಗಿ ಕಾಣೆಯಾದವು. ಮೂರು ವಾರದಲ್ಲಿ ಐದು. ಒಂದು ಕೂಗಿಲ್ಲ, ಒಂದು ಹನಿ ರಕ್ತವಿಲ್ಲ. ಕೆಂಪಿ ಒಬ್ಬಳೇ ಉಳಿದಳು. ನನ್ನ ಅನುಮಾನವೆಲ್ಲ ಅಂಕಲ್ ಮೇಲೆ. ನಾಯಿಗಳನ್ನು ಹಿಡಿಸಬೇಕು ಎಂದು ಪ್ರತಿ ಮೀಟಿಂಗಿನಲ್ಲೂ ಅರಚುತ್ತಿದ್ದವರು ಅವರೇ ತಾನೆ!

ಆ ದಿನ ರಾತ್ರಿ ಎಂಟರ ಹೊತ್ತಿಗೆ ಕರೆಂಟ್ ಹೋಗಿತ್ತು. ಕೆಂಪಿ ಮೆಟ್ಟಿಲ ಮೇಲೆ ಮಲಗಿದ್ದಳು. ನಾನು ಒಳಗೆ ಸೌಟಿನಲ್ಲಿ ಅನ್ನ ಕಲಸುತ್ತಿದ್ದೆ.

ಟಣ್ ಟಣ್... ಟಣ್.

ಗುಡ್ಡದ ಕಡೆಯಿಂದ! ಥೇಟ್ ನಾನು ಬಡಿಯುವ ಹಾಗೆಯೇ. ಹೊರಗೆ ಬರುವಷ್ಟರಲ್ಲಿ ಕೆಂಪಿ ಬಾಲ ಅಲ್ಲಾಡಿಸುತ್ತ ಲಂಟಾನದೊಳಗೆ ನುಗ್ಗಿದ್ದಳು. ಓಹೋ, ಹೀಗೆ ಕರೆದೇ ನಾಯಿಗಳನ್ನು ಸಾಗಿಸಿದ್ದು ಈ ಮುದುಕ ಎಂದು ಮೈ ಉರಿಯಿತು. ಮೊಬೈಲ್ ಬೆಳಕಿನಲ್ಲಿ ಹಿಂದೆಯೇ ಓಡಿದೆ.

ಬಂಡೆಗಳ ಹತ್ತಿರ ಅಂಕಲ್ ಸಿಕ್ಕೇಬಿಟ್ಟರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ದೊಣ್ಣೆ.

"ನಾಚಿಕೆ ಆಗಲ್ವಾ ಅಂಕಲ್ ನಿಮಗೆ? ಎಲ್ಲಿ ನನ್ನ ಕೆಂಪಿ?"

"ನನ್ನನ್ನ ಕೇಳ್ತೀರಾ? ದಿನಾ ಇಲ್ಲಿ ಬಂದು ಪಾತ್ರೆ ಬಡಿಯೋರು ನೀವು! ನಿಮ್ಮಿಂದಾನೇ ಚಿರತೆ ಇಳಿದು ಬರೋದು. ಇವತ್ತು ಸಿಕ್ಕಾಕ್ಕೊಂಡ್ರಿ ಮೇಡಂ."

"ನಾನಾ? ನಾನು ಬಡಿಯೋದು ನಮ್ಮ ಗೇಟ್ ಹತ್ರ..."

ಟಣ್ ಟಣ್... ಟಣ್.

ಇಪ್ಪತ್ತು ಹೆಜ್ಜೆ ಆಚೆ, ಎರಡು ಬಂಡೆಗಳ ಸಂದಿಯಿಂದ ಬಂತು. ಜೊತೆಗೆ ಬಿಸಿ ಅನ್ನದ ವಾಸನೆ...

ಅಂಕಲ್ ಟಾರ್ಚ್ ಎತ್ತಿದರು. ಮೇಲಿನ ಬಂಡೆಯಲ್ಲಿ ಎರಡು ಕಣ್ಣು ಹೊಳೆದವು. ಚಿರತೆ! ಆದರೆ ಅದು ನಮ್ಮ ಕಡೆ ನೋಡಲೇ ಇಲ್ಲ. ಕಿವಿ ಮಡಚಿ, ಹೊಟ್ಟೆಯನ್ನು ಬಂಡೆಗೆ ಒತ್ತಿಕೊಂಡು, ಕೆಳಗಿನ ಸಂದಿಯನ್ನೇ ನೋಡುತ್ತ ಹಿಂದೆ ಹಿಂದೆ ಸರಿಯಿತು. ಆಮೇಲೆ ಎದ್ದು ಓಡಿತು. ಚಿರತೆಯೂ ಹೆದರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

ಸಂದಿಯ ಬಾಯಲ್ಲಿ ಕೆಂಪಿ ನಿಂತಿದ್ದಳು. ಬಾಲ ಇನ್ನೂ ಅಲ್ಲಾಡುತ್ತಿತ್ತು. "ಕೆಂಪೀ..." ಎಂದು ಕರೆದೆ. ತಿರುಗಲಿಲ್ಲ. ಒಳಗೆ ಒಂದು ಹೆಜ್ಜೆ ಇಟ್ಟಳು.

ಅಂಕಲ್ ದೊಣ್ಣೆ ಬಿಸಾಡಿ ಓಡಿ ಅವಳನ್ನು ತಬ್ಬಿ ಎತ್ತಿಕೊಂಡರು. ಆಗ ಅವರ ಟಾರ್ಚಿನ ಬೆಳಕು ಸಂದಿಯೊಳಗೆ ಬಿತ್ತು. ಅವಳು ಕೈ ಕಚ್ಚಿದರೂ ಬಿಡಲಿಲ್ಲ. "ನಡೀರಿ ಮೇಡಂ... ಹಿಂದೆ ನೋಡ್ಬೇಡಿ," ಎಂದರು. ಅವರ ದನಿ ಅಳುವ ಮಗುವಿನ ಹಾಗಿತ್ತು.

ಮಾರನೆಯ ದಿನ ಅರಣ್ಯ ಸಿಬ್ಬಂದಿ ಬಂದು ಚಿರತೆಯ ಹೆಜ್ಜೆ ನೋಡಿದರು. ಐದೂ ನಾಯಿಗಳನ್ನು ಅದೇ ತಿಂದಿದೆ ಎಂದರು. ಇರಬಹುದು. ಸಂದಿಯೊಳಗೆ ಪಾತ್ರೆಯಾಗಲಿ ಮನುಷ್ಯರ ಹೆಜ್ಜೆಗುರುತಾಗಲಿ ಇರಲಿಲ್ಲ. ಒಳಗೆ ಏನು ಕಂಡಿರಿ ಎಂದು ಅಂಕಲ್ ಅವರನ್ನು ಎಷ್ಟೋ ಸಲ ಕೇಳಿದ್ದೇನೆ. ಅವರು ನನ್ನ ಮುಖವನ್ನೇ ಒಂದು ಥರ ದಿಟ್ಟಿಸಿ, "ಆವತ್ತು ನನ್ನ ಪಕ್ಕ ನಿಂತಿದ್ದೋರು ನೀವೇ ತಾನೆ ಮೇಡಂ?" ಎನ್ನುತ್ತಾರೆ.

ಈಗ ನಾನು ಸೌಟು ಬಡಿಯುವುದಿಲ್ಲ. ಕೆಂಪಿ ಮನೆಯೊಳಗೇ ಮಲಗುತ್ತಾಳೆ. ದಿನಾ ರಾತ್ರಿ ಎಂಟು ಗಂಟೆಗೆ ಎದ್ದು ಬಾಗಿಲ ಹತ್ತಿರ ಹೋಗುತ್ತಾಳೆ. ನನಗೆ ಏನೂ ಕೇಳಿಸುವುದಿಲ್ಲ. ನಾನು ಅವಳ ಹಿಂದೆಯೇ ಕೂತಿರುತ್ತೇನೆ. ಅವಳು ಮುಚ್ಚಿದ ಬಾಗಿಲನ್ನು ನೋಡುತ್ತ ಬಾಲ ಅಲ್ಲಾಡಿಸುತ್ತಾಳೆ...