ಎಡಕ್ಕೂ ಎಂಟು ಮೀಟರ್, ಬಲಕ್ಕೂ ಎಂಟು ಮೀಟರ್

ನಿವೃತ್ತನಾದ ವರ್ಷ ಶಹಾಪುರದ ನಮ್ಮ ಮನೆಗೆ ಒಂದು ಆಂಪ್ಲಿಫೈಯರನ್ನೂ ಎರಡು ಸ್ಪೀಕರುಗಳನ್ನೂ ತಂದೆ. ಆಂಪ್ಲಿಫೈಯರು ಎಡಗೋಡೆಯ ಪ್ಲಗ್ಗಿನ ಹತ್ತಿರ ಕೂತಿತು. ಹಾಗಾಗಿ ಎಡ ಸ್ಪೀಕರಿಗೆ ಒಂದು ಮೀಟರ್ ತಂತಿ ಸಾಕಾಯಿತು. ಬಲಗಡೆಯದಕ್ಕೆ ಬಾಗಿಲು ಬಳಸಿ ಹೋಗಲು ಎಂಟು ಮೀಟರ್ ಬೇಕಾಯಿತು. ಹದಿನೈದು ದಿನ ವಚನ ಗಾಯನ ಕೇಳುತ್ತ ಸುಖವಾಗಿದ್ದೆ.

ಆಮೇಲೆ ಸುರಪುರದಿಂದ ಹೆಂಡತಿಯ ತಮ್ಮ ಬಂದ. ಅಲ್ಲಿ ಅವನದು ಬಟ್ಟೆ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನ ವಿಡಿಯೊ ನೋಡಿ ನೋಡಿ ಧ್ವನಿಶಾಸ್ತ್ರದ ಪಂಡಿತನಾಗಿದ್ದ. ಚಹಾ ಮುಟ್ಟುವ ಮೊದಲೇ ಗೇಣು ಹಾಕಿ ತಂತಿ ಅಳೆದ.

“ಏನ್ ಮಾಡೀರಿ ಮಾವಾ ಇದು? ಎಡಗಡಿ ದನಿ ಮೊದಲ ಬರಾಕತ್ತದ, ಬಲಗಡಿದು ಹಿಂದಿಂದ ಓಡಿ ಬರಾಕತ್ತದ. ಕೇಳಸಂಗಿಲ್ಲೇನ್ ನಿಮಗ?”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ವಿದ್ಯುತ್ತು ಎಷ್ಟು ಬೇಗ ಹರಿಯುತ್ತದೆಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದವನು. ಆದರೂ ಆ ಕ್ಷಣ ನನಗೆ ಸ್ಪಷ್ಟವಾಗಿ ಕೇಳಿಸಿತು: ಬಲಗಡೆಯ ದನಿ ಏದುಸಿರು ಬಿಡುತ್ತಿತ್ತು.

ಮರುದಿನವೇ ಇಬ್ಬರೂ ಯಾದಗಿರಿಗೆ ಹೋಗಿ ದಪ್ಪ ತಾಮ್ರದ ತಂತಿ ತಂದೆವು. ಎಡಕ್ಕೂ ಎಂಟು ಮೀಟರ್, ಬಲಕ್ಕೂ ಎಂಟು. ಎಡಗಡೆ ಹೆಚ್ಚಾದ ಏಳು ಮೀಟರನ್ನು ಸುರುಳಿ ಸುತ್ತಿ ಸ್ಪೀಕರಿನ ಹಿಂದೆ ಇಟ್ಟೆವು.

“ಕಸ ಹೊಡಿಬೇಕಾದ್ರ ಇದನ್ನ ಎಲ್ಲಿ ಇಡ್ಲಿ?” ಎಂದಳು ಹೆಂಡತಿ.

“ಮುಟ್ಟಬ್ಯಾಡ. ದನಿ ಕೆಡ್ತದ,” ಎಂದೆ.

ಒಂದು ತಿಂಗಳು ತಡೆದುಕೊಂಡಳು. ಒಂದು ದಿನ ನಾನು ಪೇಟೆಗೆ ಹೋದಾಗ ಫ್ಯಾನ್ ರಿಪೇರಿಗೆ ಮಿಸ್ತ್ರಿ ಬಂದಿದ್ದರು. ಮದುವೆ ಮನೆಗಳಿಗೆ ಮೈಕ್ ಹಾಕಿ ತಲೆ ನರೆತವರು. ಈ ಸುರುಳಿ ಬೇಕೇ ಎಂದು ಅವರನ್ನೇ ಕೇಳಿದಳು.

“ಮೈದಾನದಾಗ ಭಾಳ ದೂರ ಎಳದಾಗ, ವೈರ್ ಸಣ್ಣದಿತ್ತಂದ್ರ ದನಿ ಕುಂದ್ತದ್ರಿ ಅಮ್ಮಾ. ಮನ್ಯಾಗ ಏಳೆಂಟು ಮೀಟರಿಗಿ ಏನ್ ಫರಕ್?” ಎಂದು ನಕ್ಕು, ಸುರುಳಿಯನ್ನು ಕತ್ತರಿಸಿ, ಒಂದು ಮೀಟರ್ ಉಳಿಸಿ ಜೋಡಿಸಿ ಹೋದರು.

ನನಗೆ ಗೊತ್ತಾಗಲಿಲ್ಲ. ಆ ಭಾನುವಾರ ಬಂದ ಪಂಡಿತನಿಗೂ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ ತಲೆದೂಗಿದ. “ಈಗ ನೋಡ್ರಿ ಮಾವಾ, ತಿಂಗಳಾದ ಮ್ಯಾಲ ವೈರ್ ಹದಕ್ಕ ಬಂದದ. ಎರಡೂ ಕಡಿ ಹೆಜ್ಜಿ ಕೂಡಸ್ಯಾವ!” ನಾನೂ ಹೌದೆಂದು ಗಲ್ಲ ಒರೆಸಿಕೊಂಡೆ. ನಿಜವಾಗಿಯೂ ಕಣ್ಣೀರು ಬಂದಿತ್ತು.

ಹೆಂಡತಿ ಚಹಾ ಇಟ್ಟು, “ಮಿಸ್ತ್ರಿ ಆ ಸುರುಳಿ ಕತ್ತರಸಿ ಐದ್ ದಿನಾ ಆತು,” ಎಂದಳು.

ನಾನು ಚಹಾದ ಬಸಿಯೊಳಗೆ ಮುಖ ಹುದುಗಿಸಿದೆ. ಅವನು ಸ್ಪೀಕರಿನ ಹಿಂದೆ ಬಗ್ಗಿ ನೋಡಿ, “ಸರಿಯಾದ ಜಾಗಾದಾಗ ಕತ್ತರಸ್ಯಾನ ಬಿಡ್ರಿ,” ಎಂದ.

ಬಿಟ್ಟುಹೋದ ಸ್ಕ್ರೂಡ್ರೈವರಿಗೆಂದು ಮರುದಿನ ಮಿಸ್ತ್ರಿ ಬಂದಾಗ, ಎಡಗಡೆ ದನಿ ಮೊದಲು ಬಂದಂತೆ ಯಾಕೆ ಅನಿಸಿತೆಂದು ಮೆಲ್ಲಗೆ ಕೇಳಿದೆ. ಅವರು ಎಡ ಸ್ಪೀಕರಿಗೆ ಒತ್ತಿಕೊಂಡಿದ್ದ ನನ್ನ ಕುರ್ಚಿಯನ್ನು ನೋಡಿದರು. “ಇದನ್ನ ನಡುವ ಹಾಕ್ಕೊಳ್ರಿ ಸರ್.”

ಹಾಕಿಕೊಂಡೆ. ಇದನ್ನು ಸುರಪುರಕ್ಕೆ ತಿಳಿಸಿಲ್ಲ. ಅಲ್ಲಿ ಅವನು ತನ್ನ ಮನೆಯ ಸ್ಪೀಕರಿನ ತಂತಿ ಕತ್ತರಿಸಲು ಇದೇ ಮಿಸ್ತ್ರಿಗೆ ಹೇಳಿ ಕಳಿಸಿದ್ದಾನೆ.