ಐಸ್ ಪೆಟ್ಟಿಗೆಯ ನೀರು

ಗೋದಾವರಿ ಕಡೆಯ ಕಲ್ಲಿದ್ದಲು ಗಣಿಯೊಂದರ ಸುತ್ತಲಿನ ಹಳ್ಳಗಳ ನೀರು ಹಿಡಿದು ಪರೀಕ್ಷೆಗೆ ಒಯ್ಯುವುದು ನನ್ನ ಕೆಲಸ. ಬಾಟಲಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಲ್ಯಾಬಿಗೆ ಹೊರಟಿದ್ದಾಗ ಅಪ್ಪ ತೀರಿಕೊಂಡ ಸುದ್ದಿ ಬಂತು. ಆ ಹಾಳು ಪೆಟ್ಟಿಗೆಯನ್ನು ಯಾರಿಗೆ ಒಪ್ಪಿಸಬೇಕೆಂದು ತೋಚದೆ, ಹೊತ್ತುಕೊಂಡೇ ಬಸ್ಸು ಬದಲಿಸುತ್ತ ಚಳ್ಳಕೆರೆಯಲ್ಲಿ ಇಳಿದು, ಆಟೋ ಹಿಡಿದು, ಕುರಿ ಮೇಯುವ ಕಾವಲಿನ ಅಂಚಿನ ನಮ್ಮೂರು ಸೇರಿದೆ.

ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮಣ್ಣು ಮಾಡದೆ ನನಗಾಗಿ ಕಾದಿದ್ದರು. ನಾನು ಅವ್ವನ ಪಕ್ಕದಲ್ಲಿ ಕುಸಿದು ಕೂತಿದ್ದಾಗ ಸೋದರತ್ತೆ ಪೆಟ್ಟಿಗೆ ತೆರೆದಳು. ಅಷ್ಟು ದೂರದಿಂದ ಅಷ್ಟು ಜೋಪಾನವಾಗಿ ಮಗ ಇನ್ನೇನು ತಂದಾನು?

"ಅಪ್ಪನ ಬಾಯಿಗೆ ಬಿಡಾಕೆ ಗೋದಾವರಿ ನೀರು ತಂದಾನೆ," ಎಂದು ಎಲ್ಲರಿಗೂ ಹೇಳಿ, ಕೈಗೆ ಸಿಕ್ಕ ಬಾಟಲಿಯ ಮುಚ್ಚಳ ತಿರುಗಿಸಿ ಅಪ್ಪನ ತುಟಿಗೆ ಹಿಡಿದಳು.

ಅದು ಗಣಿಯ ಕೊಳಕೆಲ್ಲ ಹಳ್ಳಕ್ಕೆ ಬಂದು ಬೀಳುವ ಜಾಗದ ನೀರು. ಅಲ್ಲಿ ದನವೂ ಮೂತಿ ಇಡುವುದಿಲ್ಲ.

"ಅತ್ತೆ, ಬ್ಯಾಡ," ಎಂದು ಎದ್ದೆ. ಅವ್ವ ನನ್ನ ಕೈ ಹಿಡಿದು ಕೂರಿಸಿದಳು. ಸತ್ತವರಿಗೆ ನೀರು ಯಾಕೆ ಎಂಬ ಓದಿದವರ ತಕರಾರು ಎಂದುಕೊಂಡಳೇನೋ.

"ಬಿಡಪ್ಪ. ನಿಮ್ಮಪ್ಪ ಬಿಸಿಲಾಗೆ ಕುರಿ ಹಿಂದೆ ತಿರುಗಿ, ಬಾಟ್ಲಿನಾಗೆ ಕಾದ ನೀರೇ ಕುಡಿದ. ಇದು ತಣ್ಣಗೈತೆ."

ಅತ್ತೆಯಿಂದ ಬಾಟಲಿ ಇಸಿದುಕೊಂಡು ತಾನೂ ಒಂದು ಗುಟುಕು ಬಿಟ್ಟಳು. ಅಪ್ಪನ ಗಲ್ಲದ ಮೇಲೆ ಇಳಿದದ್ದನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಬಾಟಲಿಯನ್ನು ನನ್ನ ಕೈಗಿಟ್ಟಳು.

"ನೀನು ಬಿಡು. ಮಗ ಅಲ್ವಾ."

ನಾನೂ ಬಿಟ್ಟೆ.