ಬಟ್ಟೆ ಬೀರುವಿನೊಳಗಿನ ಅಂಚೆ

ಸ್ವಂತಯ್ಯ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಜೊತೆಯಲ್ಲಿ ಲಿಫ್ಟ್ ರಿಪೇರಿ ಮಾಡೋರು ಇಟ್ಟದ್ದು. ಇನ್ನೊಬ್ಬರ ಸ್ಪ್ಯಾನರ್ ಮುಟ್ಟೋನಲ್ಲ, ತನ್ನದನ್ನು ಕೊಡೋನೂ ಅಲ್ಲ. ಕ್ಯಾಂಟೀನಿನ ಲೋಟವೂ ಬೇಡ, ಚೀಲದಲ್ಲಿ ಸ್ವಂತ ಲೋಟ. "ಪುಣ್ಯಕ್ಕೆ ಉಸಿರಾಡೋ ಗಾಳಿನ ಮನೆಯಿಂದ ಕಟ್ಟಿಸಿಕೊಂಡು ಬರಲ್ಲವಲ್ಲಣ್ಣ" ಅಂತ ಜೊತೆಯ ವೈರ್‌ಮನ್ ರೇಗಿಸುತ್ತಿದ್ದ. ಸ್ವಂತಯ್ಯನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಇಂಥ ಆಸಾಮಿ ಮೇಲ್ ವಿಷಯದಲ್ಲಿ ಮಾತ್ರ ಸುಮ್ಮನಿರುತ್ತಾನೆಯೇ? ಲೋಕವೆಲ್ಲ ದೊಡ್ಡ ಕಂಪನಿಗಳು ಪುಕ್ಕಟೆ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಬಳಸುತ್ತಿದ್ದರೆ ಇವನು, "ನನ್ನ ಮನೆ ಕಾಗದ ಅವರ ಮನೇಲಿ ಯಾಕಿರಬೇಕು?" ಅಂದ. ಯಾವುದೋ ಆಫೀಸಿನವರು ಲಿಫ್ಟ್ ಪಕ್ಕ ಎಸೆದಿದ್ದ ಹಳೇ ಕಂಪ್ಯೂಟರ್ ಹೊತ್ತು ತಂದು, ಮಲಗುವ ಕೋಣೆಯ ಬಟ್ಟೆ ಬೀರುವಿನ ಕೆಳಗಿನ ಅರೆಯಲ್ಲಿ ಕೂರಿಸಿದ. ಹೆಂಡತಿಯ ಸೀರೆಗಳು ಮೇಲಿನ ಅರೆಗೆ ಹತ್ತಿದವು. ಪುಸ್ತಕ ಓದಿ, ತಪ್ಪು ಮಾಡಿ, ಮತ್ತೆ ಓದಿ, ಮೊದಲು ವೆಬ್ ಪುಟ ಎಬ್ಬಿಸಿದ. ಲಿಫ್ಟ್ ಹಗ್ಗ ಸವೆದದ್ದನ್ನು ಗುರುತಿಸೋದು ಹೇಗೆ ಅಂತ ಅದರಲ್ಲಿ ಬರೆದ. ಓದಿದವನು ವೈರ್‌ಮನ್ ಒಬ್ಬನೇ, ಅದೂ ಬಲವಂತಕ್ಕೆ. ಆಮೇಲೆ ಮೇಲ್. ಇವನು ಕಳಿಸಿದ್ದನ್ನೆಲ್ಲ ದೊಡ್ಡ ಕಂಪನಿಗಳು ಕಸದ ಬುಟ್ಟಿಗೆ ಹಾಕಿದವು. ಹಲ್ಲು ಕಚ್ಚಿ ಗುದ್ದಾಡಿ ಅದನ್ನೂ ಗೆದ್ದ. ಕೊನೆಗೆ ಡಿಎನ್‌ಎಸ್. ಅಂದರೆ, ಈ ಹೆಸರಿನ ಮನೆ ಎಲ್ಲಿ ಅಂತ ಕೇಳಿಕೊಂಡು ಬಂದವರಿಗೆ ದಾರಿ ಹೇಳುವ ಕೆಲಸ. ಅದಕ್ಕೆ ಎರಡು ಯಂತ್ರ ಇಡಿ, ಬೇರೆ ಬೇರೆ ಜಾಗದಲ್ಲಿಡಿ ಅಂತ ಪುಸ್ತಕ ಹೇಳುತ್ತಿತ್ತು. ಬೇರೆ ಜಾಗ ಅಂದರೆ ಬೇರೆಯವರ ಜಾಗ ತಾನೇ? ಒಂದೇ ಪೆಟ್ಟಿಗೆಗೆ ಎರಡು ಹೆಸರು ಕೊಟ್ಟು ಕೈ ತೊಳೆದುಕೊಂಡ.

ಆದರೆ ವೆಬ್ ಪುಟಕ್ಕೂ ಮೇಲ್ ವಿಳಾಸಕ್ಕೂ ಬೇಕಾದ ಆ ಮನೆಯ ಹೆಸರು ಮಾತ್ರ ಯಾರಿಗೂ ಸ್ವಂತವಾಗಿ ಸಿಗೋದಲ್ಲ. ಅದನ್ನು ನೋಂದಾಯಿಸುವ ಕಂಪನಿಯ ಹತ್ತಿರ ವರ್ಷಾವರ್ಷ ನವೀಕರಿಸಬೇಕು. ನಿಮ್ಮನ್ನು ಎಲ್ಲಿ ಸಂಪರ್ಕಿಸಬೇಕು ಅಂತ ಅವರು ಕೇಳಿದಾಗ ಸ್ವಂತಯ್ಯ ಎದೆಯುಬ್ಬಿಸಿ ತನ್ನದೇ ಹೊಸ ಮೇಲ್ ವಿಳಾಸ ಕೊಟ್ಟ. "ಬೇರೆ ಕಡೆಯದೊಂದು ವಿಳಾಸನೂ ಕೊಟ್ಟಿರಣ್ಣ" ಅಂತ ವೈರ್‌ಮನ್ ಬಡಕೊಂಡ. "ಸ್ವಂತ ಮನೆ ಇರುವಾಗ ಪಕ್ಕದ ಮನೆ ವಿಳಾಸ ಕೊಡ್ತಾರೇನೋ?" ಅಂತ ಇವನು ಬಾಯಿ ಮುಚ್ಚಿಸಿದ.

ಮನೆಯಲ್ಲಿ ಮೂವರಿಗೂ ಒಂದೊಂದು ವಿಳಾಸವಾಯಿತು. ಮಗಳು ಆಗಿನ್ನೂ ಶಾಲೆಯ ಹುಡುಗಿ. ಪೂರ್ತಿ ಲೋಕದಲ್ಲಿ ಇಂಥ ವಿಳಾಸ ನನಗೊಬ್ಬಳಿಗೇ ಅಂತ ಕುಣಿದಾಡಿದಳು.

ಅದೇ ಮಗಳು, ಮದುವೆಯಾಗಿ ಹೋದವಳು, ಒಂದು ಮಧ್ಯಾಹ್ನ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಳು. ಗಂಡನ ಜೊತೆ ಇರೋಕಾಗಲ್ಲ ಅಂದಳು. ಯಾಕೆ ಏನು ಅಂತ ಕೇಳಬೇಡವೇ? ಕೂತು ಒಂದು ಲೋಟ ನೀರು ಕುಡಿ ಅನ್ನಬೇಡವೇ? ಈ ಮಹಾನುಭಾವ, "ವಾಪಸ್ ಹೋಗು, ಇಲ್ಲಿ ನಿನಗೆ ಜಾಗ ಇಲ್ಲ" ಅಂದುಬಿಟ್ಟ. ಅವಳು ಗಂಡನ ಮನೆಗೂ ಹೋಗಲಿಲ್ಲ. ಗಂಡನ ಕಡೆಯವರು ಹುಡುಕಿಕೊಂಡು ಬರಬಾರದೆಂದು ಊರು, ಕೆಲಸ, ಫೋನ್ ನಂಬರ್ ಯಾವುದನ್ನೂ ಯಾರಿಗೂ ಹೇಳಲಿಲ್ಲ. ಮನೆಯಲ್ಲಿದ್ದ ಒಂದೇ ಫೋನ್ ಅಪ್ಪನ ಜೇಬಿನಲ್ಲಿರುತ್ತಿತ್ತು, ಅದಕ್ಕಂತೂ ಅವಳು ಸತ್ತರೂ ಮಾಡಳು. ಅಪ್ಪನ ಹಠವೇ ಅವಳಿಗೂ ಬಂದಿತ್ತು. ಅಮ್ಮನಿಗೆ ಮಾತ್ರ ಆಗಾಗ ಮೇಲ್ ಬರೆಯುತ್ತಿದ್ದಳು, ಆ ಹಳೇ ವಿಳಾಸದಿಂದಲೇ. "ಅಪ್ಪನ ಮನೇಲಿ ನನಗೆ ಉಳಿದಿರೋ ಜಾಗ ಇದೊಂದೇ ಅಮ್ಮ" ಅಂತ ಒಮ್ಮೆ ಬರೆದಿದ್ದಳು. ತಾಯಿ ಅದನ್ನು ಗಂಡನಿಗೆ ಓದಿ ಹೇಳಿದಳು. ಅವನು ಎದ್ದು ಹೊರಗೆ ಹೋದ.

ಎಲ್ಲ ಕಾಗದವೂ ಬೀರುವಿನೊಳಗೇ ಇತ್ತು, ಬೀಗದ ಕೈ ಅವನದೇ. ಒಂದು ಅಕ್ಷರ ಓದಲಿಲ್ಲ, ಆ ಮಟ್ಟಿಗೆ ಮನುಷ್ಯ. ಆದರೆ ಬೆಳಿಗ್ಗೆ ಕಾಫಿಗೆ ಮುಂಚೆ ಯಂತ್ರದ ದಾಖಲೆ ತೆರೆದು ಒಂದು ಸಾಲು ಹುಡುಕುತ್ತಿದ್ದ. ಯಾರು ಯಾವಾಗ ತಮ್ಮ ಮೇಲ್ ನೋಡಲು ಬಂದರು ಅಂತ ಅದರಲ್ಲಿ ಬೀಳುತ್ತದೆ. ಊರು ಗೊತ್ತಾಗುತ್ತಿರಲಿಲ್ಲ, ಮಗಳು ಬಂದು ಹೋದಳು ಅನ್ನೋದಷ್ಟೇ ಗೊತ್ತಾಗುತ್ತಿತ್ತು. ಅಂದರೆ ಬದುಕಿದ್ದಾಳೆ. ಆಮೇಲೆ ಕಾಫಿ ಗಂಟಲಲ್ಲಿ ಇಳಿಯುತ್ತಿತ್ತು.

ಹೋದ ವರ್ಷ ಕೆಲಸದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಪರೇಷನ್ ಆಯಿತು, ಕೀವಾಯಿತು, ಮತ್ತೊಂದು ಆಪರೇಷನ್. ಆಸ್ಪತ್ರೆ ವಾಸ ತಿಂಗಳುಗಟ್ಟಲೆ ಎಳೆಯಿತು. ಮಧ್ಯೆ ಒಂದು ದಿನ ಹೆಂಡತಿ ಹೇಳಿದಳು, "ರೀ, ಆ ಪೆಟ್ಟಿಗೆ ಸದ್ದೇ ಮಾಡ್ತಿಲ್ಲ. ಮೇಲ್ ಕೂಡ ತೆರೀತಿಲ್ಲ."

"ನಾನು ಹೋಗಿ ನೋಡ್ತೀನಣ್ಣ" ಅಂತ ಪಕ್ಕದಲ್ಲಿದ್ದ ವೈರ್‌ಮನ್ ಎದ್ದೇ ಬಿಟ್ಟ.

"ಯಾರೂ ಮುಟ್ಟಕೂಡದು. ನಾನೇ ಬಂದು ನೋಡ್ತೀನಿ."

ಅಯ್ಯೋ, ಆ ಬಾಯಿಗೆ ಏನನ್ನೋಣ! ಮನೆಗೆ ಬಂದು, ಊರುಗೋಲು ಗೋಡೆಗೊರಗಿಸಿ, ನೆಲದ ಮೇಲೆ ಕಾಲು ಚಾಚಿ ಕೂತು ಪವರ್ ಸಪ್ಲೈ ಬದಲಾಯಿಸಿದ. ಫ್ಯಾನ್ ತಿರುಗಿತು. ಹೆಂಡತಿ ಓಡಿಬಂದು ಹಜಾರದಲ್ಲಿದ್ದ ಇನ್ನೊಂದು ಕಂಪ್ಯೂಟರಿನ ಮುಂದೆ ಕೂತಳು. ಬೀರುವಿನಿಂದ ಅಲ್ಲಿಗೆ ಅವನೇ ಎಳೆದ ತಂತಿ ಇತ್ತು, ಹೊರಗಿನ ದಾರಿ ಬೇಕಿರಲಿಲ್ಲ, ಹಾಗಾಗಿ ಎಲ್ಲ ಮೊದಲಿನಂತೆ ತೆರೆಯಿತು. ಇವನು ಖುಷಿಯಲ್ಲಿ ಫೋನ್ ತೆಗೆದು ತನ್ನ ವೆಬ್ ಪುಟದ ಹೆಸರು ಒತ್ತಿದ. ಯಾವುದೋ ಜೂಜಿನ ಆಟದ ಪುಟ ಬಂತು. ತಪ್ಪು ಒತ್ತಿದೆ ಅಂದುಕೊಂಡು ಮತ್ತೆ ಒತ್ತಿದ. ಅದೇ ಜೂಜು.

ವೈರ್‌ಮನ್‌ನನ್ನು ಕರೆದುಕೊಂಡು ಬೀದಿಗೆ ಬಂದು ಹೆಸರು ನೋಂದಾಯಿಸುವ ಕಂಪನಿಗೆ ಫೋನ್ ಹಚ್ಚಿದ. ಆ ಕಡೆಯ ಹುಡುಗಿ ಮೆತ್ತಗೆ ಮಾತಾಡಿದಳು. "ಸರ್, ಅವಧಿ ಮುಗೀತು. ಎಷ್ಟೋ ಸಲ ಮೇಲ್ ಕಳಿಸಿದ್ವಿ, ಎಲ್ಲ ವಾಪಸ್ ಬಂತು. ಈಗ ಬೇರೆಯವರು ತಗೊಂಡಿದ್ದಾರೆ."

"ಯಾವ ವಿಳಾಸಕ್ಕೆ ಕಳಿಸಿದ್ರಿ?"

ಅವಳು ಓದಿದಳು. ಅವನದೇ. ಬೀರುವಿನದು.

ಸ್ವಂತಯ್ಯ ಕಾಂಪೌಂಡ್ ಕಟ್ಟೆಯ ಮೇಲೆ ಕೂತ. ಮಗಳು ಮೇಲ್ ತೆರೆಯಲು ಹೋದರೆ ಈಗ ಬಾಗಿಲೇ ಇಲ್ಲ. ಅಮ್ಮನಿಗೆ ಅಂತ ಬೇರೆಲ್ಲಿಂದಾದರೂ ಬರೆದರೆ ಅದು ಯಾವನೋ ಜೂಜುಕೋರನ ಕೈಗೆ. ಅವಳೇನಂದುಕೊಂಡಾಳು? ಉಳಿದಿದ್ದ ಒಂದು ಜಾಗವನ್ನೂ ಅಪ್ಪ ಕಿತ್ತುಕೊಂಡ ಅಂತ. ಬೇರೇನು ಅಂದುಕೊಳ್ಳಲು ಸಾಧ್ಯ? ಆ ಹೊಸ ಮಾಲೀಕನಿಗೆ ವೈರ್‌ಮನ್‌ನ ಮೇಲ್‌ನಿಂದಲೇ ಬರೆದು ಅಂಗಲಾಚಿದ, ಜನ್ಮದಲ್ಲಿ ಮೊದಲ ಸಲ ಬೇರೆಯವರ ವಿಳಾಸದಿಂದ. ಉತ್ತರ ಬರಲಿಲ್ಲ. ಮತ್ತೆ ಬರೆದ. ಆಗಲೂ ಇಲ್ಲ.

"ಅತ್ತಿಗೆಗೆ ಹೇಳಿಬಿಡಣ್ಣ" ಅಂದ ವೈರ್‌ಮನ್.

"ಹೇಳ್ತೀನಿ."

ಹೇಳಲು ಹೋದಾಗ ಅವಳು ಬರೆಯುತ್ತಿದ್ದಳು. ಇಷ್ಟು ದಿನ ಕಟ್ಟಿಟ್ಟುಕೊಂಡ ಸುದ್ದಿಯನ್ನೆಲ್ಲ ಮಗಳಿಗೆ ಕುಟ್ಟುತ್ತಿದ್ದಳು. ಕಳಿಸು ಅಂತ ಒತ್ತಿದಳು. ಹೋಯಿತು. ಹೋಗದೆ ಏನು? ತಾಯಿಯದೂ ಮಗಳದೂ ಎರಡೂ ಅಂಚೆ ಪೆಟ್ಟಿಗೆ ಒಂದೇ ಯಂತ್ರದೊಳಗಿವೆ. ಬೀರುವಿನಿಂದ ಎದ್ದು ಬೀರುವಿಗೇ ಬಂದು ಬಿತ್ತು. ತಲುಪದಿದ್ದರೆ ತಾನೇ ವಾಪಸ್ ಬರೋದು? ಸ್ವಂತಯ್ಯ ಬಂದ ಹಾಗೇ ಹಿಂದೆ ಸರಿದ. ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆ ಬರಲೇ ಇಲ್ಲ. ಅವಳು ಬರೆಯುತ್ತಲೇ ಹೋದಳು. ಮಗಳ ಪೆಟ್ಟಿಗೆಯಲ್ಲಿ ಓದದ ಕಾಗದ ಬೆಳೆಯುತ್ತಲೇ ಹೋಯಿತು. ಬೆಳಿಗ್ಗೆ ಅವನು ದಾಖಲೆ ತೆರೆಯೋದು ಬಿಟ್ಟ.

"ಉತ್ತರ ಇಲ್ಲ ನೋಡಿ. ಕೆಲಸ ಜಾಸ್ತಿ ಇರಬೇಕು ಪಾಪ" ಅಂದಳು ಒಂದು ಸಂಜೆ, ಪರದೆಯಿಂದ ಕಣ್ಣು ಕೀಳದೆ. ಆಮೇಲೆ, ಯಾವಾಗಲೂ ಕೇಳುವಂತೆ, "ನಿಮ್ಮ ಕಡೆಯಿಂದ ಏನಾದ್ರೂ ಬರೀಲಾ?"

ಇಷ್ಟು ವರ್ಷವೂ ಅವನ ಉತ್ತರ "ಏನಿಲ್ಲ" ಅಂತಲೇ. ಅವತ್ತು ಏನಾಯಿತೋ. ತಲುಪಲ್ಲ ಅಂತ ಗೊತ್ತಾದ ಮೇಲೆ ಬಾಯಿ ಬಂತೋ ಏನೋ.

"ತಪ್ಪು ನಂದೇ ಅಂತ ಬರಿ. ಮನೆಗೆ ಬಾ ಅಂತ ಬರಿ."

ಅವಳ ಬೆರಳು ನಿಂತವು. ತಿರುಗಿ ಗಂಡನ ಮುಖ ನೋಡಿದಳು. "ನಿಜವಾಗ್ಲೂ?"

"ಹೂಂ ಕಣೇ. ಬರಿ."

ಅಳುತ್ತಲೇ ಬರೆದಳು. ಅಳುತ್ತಲೇ ಒತ್ತಿದಳು. ಗೋಡೆಯಾಚೆ, ಬೀರುವಿನೊಳಗೆ, ಫ್ಯಾನ್ ತಿರುಗುತ್ತಿತ್ತು.

"ಹೋಯ್ತು! ರೀ, ಈ ಒಂದು ಮಾತಿಗೇ ಅವಳು ಇಷ್ಟು ವರ್ಷ ಕಾದಿದ್ದು. ನಾಳೆನೇ ಹೊರಟರೂ ಹೊರಟಳು!" ಸೆರಗಲ್ಲಿ ಮೂಗು ಒರೆಸಿಕೊಂಡು ಎದ್ದವಳೇ ಮಗಳ ಕೋಣೆಯ ಬಾಗಿಲು ತೆಗೆದಳು. ಮಂಚದ ಮೇಲೆ ಒಟ್ಟಿದ್ದ ಹಳೇ ಪೆಟ್ಟಿಗೆ, ಹಾಸಿಗೆ ಎಲ್ಲ ಇಳಿಸಿದಳು. ಮಂಚವನ್ನು ಕಿಟಕಿ ಪಕ್ಕಕ್ಕೆ ಎಳೆಯಬೇಕಂತೆ, ಅವಳಿಗೆ ಗಾಳಿ ಇಲ್ಲದಿದ್ದರೆ ನಿದ್ದೆ ಬರಲ್ಲವಂತೆ.

"ಬನ್ನಿ, ಆ ಕಡೆ ಒಂಚೂರು ಹಿಡ್ಕೊಳ್ಳಿ" ಅಂದಳು.

ಸ್ವಂತಯ್ಯ ಊರುಗೋಲು ಕೆಳಗಿಟ್ಟು ಆ ಕಡೆ ಹಿಡಿದುಕೊಂಡ.